ದೂರದ ಬಲವನ್ನು ಬಿಟ್ಟರೆ ಕಂಪ್ಯೂಟರಿನ ನೀರು ಕೆಡುವುದೇಕೆ?

ಔಷಧದ ಅಣು ಪ್ರೋಟೀನಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಈಗ ಕಂಪ್ಯೂಟರಿನಲ್ಲೂ ಪರೀಕ್ಷಿಸಿ ನೋಡುತ್ತಾರೆ. ಪ್ರೋಟೀನಿನ ಸುತ್ತ ಸಾವಿರಾರು ನೀರಿನ ಅಣುಗಳನ್ನು ತುಂಬಿ, ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ಮುಂದಿನ ಕ್ಷಣ ಅದು ಎಲ್ಲಿರುತ್ತದೆ ಎಂದು ಕಂಡುಕೊಳ್ಳುತ್ತಾರೆ. ಇದೇ ಅಣುಚಲನೆಯ ಸಿಮ್ಯುಲೇಶನ್. ಇಲ್ಲಿ ನೀರು ಸರಿಯಿಲ್ಲದಿದ್ದರೆ ಉತ್ತರವೂ ಸರಿಯಿರದು.

ನೀರಿನ ಅಣು ಒಟ್ಟಾರೆ ತಟಸ್ಥ. ಆದರೆ ಅದರ ಆಮ್ಲಜನಕದಲ್ಲಿ ಋಣ ಆವೇಶವೂ ಎರಡು ಜಲಜನಕಗಳಲ್ಲಿ ಧನ ಆವೇಶವೂ ಇವೆ. ಪ್ರಸಿದ್ಧವಾದ ಎಸ್‌ಪಿಸಿ/ಇ ಮಾದರಿಯಲ್ಲಿ ಎಲೆಕ್ಟ್ರಾನಿನ ಆವೇಶದ ಪ್ರಮಾಣವನ್ನು 1 ಎಂದುಕೊಂಡರೆ ಆಮ್ಲಜನಕದ್ದು −0.8476, ಪ್ರತಿ ಜಲಜನಕದ್ದು +0.4238.

ತೊಡಕು ಎಲ್ಲಿದೆ?

ಅಂತರ ಎರಡು ಪಟ್ಟಾದರೆ ಪರಮಾಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಆಕರ್ಷಣೆಯ ಶಕ್ತಿ 64ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಆವೇಶಗಳ ನಡುವಿನ ಶಕ್ತಿ ಮಾತ್ರ ಅರ್ಧಕ್ಕಷ್ಟೇ ಇಳಿಯುತ್ತದೆ. ಅದೇ ಹೊತ್ತಿಗೆ ಅಷ್ಟು ದೂರದಲ್ಲಿರುವ ಅಣುಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ದೂರದವು ಎಂದು ಅವನ್ನು ಕೈಬಿಡುವಂತಿಲ್ಲ.

ಲೆಕ್ಕದ ಹೊರೆ ಇಳಿಸಲು ಸುಮಾರು 1 ನ್ಯಾನೊಮೀಟರಿನ ಆಚೆಗಿನ ಬಲವನ್ನು ಸೊನ್ನೆ ಎಂದುಕೊಳ್ಳುವ ರೂಢಿಯಿತ್ತು. ಇದರಿಂದ ಒಂದೇ ಬಗೆಯ ಆವೇಶದ ಅಯಾನುಗಳು ಆ ಗಡಿಯ ಬಳಿ ಗುಂಪುಗೂಡಿದವು. ಬಲ ಇರದ ಜಾಗಕ್ಕೆ ಅವು ಸರಿದುಕೊಂಡವು, ಅಷ್ಟೆ. ಗಡಿಯನ್ನು ದೂರ ಸರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ತಪ್ಪು. ಹಾಗೆ ಮಾಡಿದಾಗ ದ್ರವ ನೀರಿನಲ್ಲಿ ಇಲ್ಲದ ಪದರಗಳು ಕಾಣಿಸಿಕೊಂಡದ್ದುಂಟು.

ಪರಿಹಾರವೇನು?

ಜರ್ಮನಿಯ ಭೌತವಿಜ್ಞಾನಿ ಪಾಲ್ ಪೀಟರ್ ಎವಾಲ್ಡ್ 1921ರಲ್ಲಿ ಹರಳುಗಳಿಗಾಗಿ ಒಂದು ಉಪಾಯ ಕಂಡುಕೊಂಡರು. ಪ್ರತಿ ಆವೇಶದ ಸುತ್ತ ಅಷ್ಟೇ ಪ್ರಮಾಣದ ವಿರುದ್ಧ ಆವೇಶದ ತೆಳು ಮೋಡವನ್ನು ಕಲ್ಪಿಸಿಕೊಳ್ಳಿ. ಆಗ ಆ ಆವೇಶದ ಪ್ರಭಾವ ದೂರಕ್ಕೆ ಹೋಗದು, ಹತ್ತಿರದವುಗಳ ಲೆಕ್ಕ ಸಾಕು. ಸೇರಿಸಿದ ಮೋಡಗಳ ಪ್ರಭಾವವನ್ನು ಆಮೇಲೆ ಬೇರೆಯಾಗಿ ಕಳೆಯಬೇಕು. ಮೋಡಗಳು ನಯವಾಗಿರುವುದರಿಂದ ಕೆಲವೇ ಅಲೆಗಳ ಮೊತ್ತವಾಗಿ ಅವನ್ನು ಬರೆಯಬಹುದು.

1993ರಲ್ಲಿ ಡಾರ್ಡನ್, ಯಾರ್ಕ್ ಮತ್ತು ಪೆಡರ್ಸನ್ ಈ ಎರಡನೆಯ ಭಾಗವನ್ನು ಚೌಕಳಿಯ ಮೇಲೆ ವೇಗವಾಗಿ ಲೆಕ್ಕ ಹಾಕುವ ದಾರಿ ತೋರಿಸಿದರು. 1995ರಲ್ಲಿ ಇದೇ ವಿಧಾನದಿಂದ, ನೀರಿನಲ್ಲಿರುವ ಡಿಎನ್‌ಎಯ ಸುರುಳಿ ಕಂಪ್ಯೂಟರಿನಲ್ಲಿ ಕೆಡದೆ ಉಳಿಯಿತು.

ಇದಕ್ಕೂ ಮಿತಿಗಳಿವೆ. ನೀರಿನ ಪೆಟ್ಟಿಗೆ ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂದು ಈ ವಿಧಾನ ಭಾವಿಸುತ್ತದೆ. ಪೆಟ್ಟಿಗೆ ತೀರ ಚಿಕ್ಕದಾದರೆ ಅಣುವಿನ ಮೇಲೆ ಅದರದೇ ಪ್ರತಿಬಿಂಬದ ಪ್ರಭಾವ ಬೀಳುತ್ತದೆ. ಆದ್ದರಿಂದ ಇಂಥ ಫಲಿತಾಂಶ ಓದುವಾಗ ದೂರದ ಬಲವನ್ನು ಹೇಗೆ ನಿಭಾಯಿಸಿದ್ದಾರೆ, ಪೆಟ್ಟಿಗೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಬೇಕು.