ಒಂದು ಘಳಿಗೆಗೆ ಎಷ್ಟು ಅಕ್ಷರ?

ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ನಮಗೆ ಹತ್ತು ನಿಮಿಷ ದೊರೆತಿತ್ತು. ನಾವು ಒಂಬತ್ತು ಪುಟ ಬರೆದುಕೊಂಡು ಹೋಗಿದ್ದೆವು. ಐದನೆಯ ಪುಟದ ನಡುವೆಯೇ ಗಂಟೆ ಬಾರಿಸಿತು. ಗಡಿನಾಡಿನ ಕನ್ನಡ ಶಾಲೆಗಳ ವಿಚಾರವೆಲ್ಲ ಏಳನೆಯ ಪುಟದಲ್ಲಿತ್ತು; ಅದು ಚೀಲದಲ್ಲಿಯೇ ಮನೆಗೆ ಮರಳಿತು. ಶಾಲೆಯಲ್ಲಿ ವರ್ಷಗಟ್ಟಲೆ ವೇಳಾಪಟ್ಟಿ ಹಾಕಿದವರಿಗೆ ಇದು ನಾಚಿಕೆಯ ಸಂಗತಿಯೇ ಸರಿ. ಬರೆದುದನ್ನು ಓದಲು ಎಷ್ಟು ಹೊತ್ತು ಬೇಕೆಂಬುದನ್ನು ಹಿರಿಯರು ಹೇಗೆ ಅಳೆಯುತ್ತಿದ್ದರೆಂದು ನಾವು ಹುಡುಕತೊಡಗಿದ್ದು ಆ ಬಳಿಕ.

ಹುಡುಕಿದಾಗ ಕಂಡದ್ದು ತಿರುಗುಮುರುಗಾದ ಲೆಕ್ಕ. ಹಿರಿಯರು ಕಾಲವನ್ನೇ ಮಾತಿನಿಂದ ಅಳೆದಿದ್ದರು. ಕ್ರಿ.ಶ. 499ರ ಸುಮಾರಿನ 'ಆರ್ಯಭಟೀಯ'ದ ಪ್ರಕಾರ 60 ಗುರ್ವಕ್ಷರಗಳನ್ನು ಉಚ್ಚರಿಸುವ ಹೊತ್ತು ಒಂದು ವಿನಾಡಿ, 60 ವಿನಾಡಿ ಒಂದು ನಾಡಿ, 60 ನಾಡಿ ಒಂದು ದಿನ. ನಾಡಿಯೇ ನಮ್ಮ ಘಳಿಗೆ, ಇಂದಿನ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಘಳಿಗೆ ಬಟ್ಟಲು ನೀರಿನಲ್ಲಿ ಮುಳುಗುವ ಹೊತ್ತೂ ಅಷ್ಟೇ. ಹಾಗಾದರೆ ಘಳಿಗೆಗೆ 3,600 ಗುರು. ಒಂದು ಗುರುವಿಗೆ 0.4 ಸೆಕೆಂಡು, ಲಘುವಿಗೆ ಅದರರ್ಧ.

ಪ್ರಾಚೀನ ಅಥೆನ್ಸಿನ ನ್ಯಾಯಸ್ಥಾನಗಳಲ್ಲಿಯೂ ವಾದಗಳನ್ನು ನೀರಿನ ಗಡಿಯಾರದಿಂದ ಅಳೆಯುತ್ತಿದ್ದರು. ಖಾಸಗಿ ವ್ಯಾಜ್ಯಗಳಲ್ಲಿ ಕಾನೂನು, ಸಾಕ್ಷ್ಯಗಳನ್ನು ಓದುವಾಗ ಮಾತ್ರ ನೀರನ್ನು ನಿಲ್ಲಿಸುತ್ತಿದ್ದರಂತೆ. ನಮ್ಮ ಗೋಷ್ಠಿಯಲ್ಲಿ ಅಂಥ ಕರುಣೆ ಇರಲಿಲ್ಲ.

ಗದ್ಯಕ್ಕೂ ಒಂದು ಅಳತೆಗೋಲಿತ್ತು. ಶ್ಲೋಕದಲ್ಲಿ 32 ಅಕ್ಷರಗಳಿರುವುದರಿಂದ, 32 ಅಕ್ಷರಗಳ ಯಾವುದೇ ಬರಹವನ್ನು ಒಂದು 'ಗ್ರಂಥ'ವೆಂದು ಎಣಿಸುತ್ತಿದ್ದರು. ಕೃತಿಯ ಗಾತ್ರವನ್ನು ಹೇಳುವುದಕ್ಕೂ ಲಿಪಿಕಾರರ ಕೂಲಿಯನ್ನು ಗೊತ್ತುಪಡಿಸುವುದಕ್ಕೂ ಇದೇ ಆಧಾರ. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ 'ಧವಲಾ' ಟೀಕೆ 72,000 ಗ್ರಂಥ ಪ್ರಮಾಣದ್ದು. ಎಂದರೆ 23 ಲಕ್ಷಕ್ಕೂ ಮಿಕ್ಕ ಅಕ್ಷರಗಳು. ಗುರು ಲಘುಗಳು ಸಮಸಮವೆಂದು ಹಿಡಿದರೆ ಅಕ್ಷರಕ್ಕೆ 0.3 ಸೆಕೆಂಡು. ಹಗಲಿರುಳು ಎಡೆಬಿಡದೆ ಓದಿದರೂ ಎಂಟು ದಿನ ಬೇಕು!

ಇದೇ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ 2,000 ಅಕ್ಷರ. ನಮ್ಮ ಕೈಬರಹದ ಪುಟಕ್ಕೆ ಸುಮಾರು 450 ಅಕ್ಷರ ಹಿಡಿಯುತ್ತದೆ. ಐದನೆಯ ಪುಟದಲ್ಲಿ ಗಂಟೆ ಬಾರಿಸಿದವರದು ತಪ್ಪಲ್ಲವೆಂದು ಈಗ ಒಪ್ಪಬೇಕಾಗಿದೆ. ಇಂಗ್ಲಿಷಿನವರು ನಿಮಿಷಕ್ಕೆ ಇಷ್ಟು ಪದವೆಂದು ಎಣಿಸುವುದುಂಟು. 'ಹೋಗಬೇಕಾಗಿತ್ತೆಂಬುದನ್ನು' ಎಂಬ ಒಂದೇ ಪದಕ್ಕೆ ಒಂಬತ್ತು ಅಕ್ಷರ ತೆರುವ ಕನ್ನಡಕ್ಕೆ ಆ ಎಣಿಕೆ ಹೊಂದದು.

ಕಾವ್ಯದಲ್ಲಿ ಲೆಕ್ಕ ಇನ್ನೂ ಖಚಿತ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ, ವಾರ್ಧಕಕ್ಕೆ 144. ಭಾಮಿನಿಯ ಪದ್ಯ 20 ಸೆಕೆಂಡಿನಲ್ಲಿ, ವಾರ್ಧಕದ್ದು 29ರೊಳಗೆ ಮುಗಿಯುತ್ತದೆ. ಕುಮಾರವ್ಯಾಸನ ಭಾರತದಲ್ಲಿ ಪದ್ಯಗಳು 8,000ಕ್ಕೂ ಮಿಕ್ಕು. ಬರಿಯ ಓದಿಗೆ ಸುಮಾರು 46 ಗಂಟೆ ಸಾಕು. ಆದರೆ ಹಿಂದೆ ಮನೆಯ ಜಗಲಿಯಲ್ಲಿ ಹೀಗೆ ಓದಿದವರು ಯಾರು? ರಾಗವೆಳೆದು, ಪದ ಒಡೆದು, ಅರ್ಥ ಹೇಳಿ, ನಡುವೆ ಎಲೆಯಡಕೆ ಹಾಕಿಕೊಂಡು ಓದುವಾಗ ಮಳೆಗಾಲವೊಂದು ಎರಡು ಪರ್ವಗಳಿಗೂ ಸಾಲದಾಗುತ್ತಿತ್ತು.

ಕಾಸರಗೋಡಿನ ತಾಳಮದ್ದಳೆಯ ಮುಂದೆಯಂತೂ ನಮ್ಮ ಎಣಿಕೆ ಸೋಲೊಪ್ಪುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗದಲ್ಲಿ ಅಚ್ಚಾಗಿರುವುದು ಪದ್ಯ ಮಾತ್ರ. ಅರ್ಥ ಅರ್ಥಧಾರಿಯ ನಾಲಿಗೆಯಲ್ಲಿದೆ. ನಾಲ್ಕು ಸಾಲಿನ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದವರನ್ನು ನಾವೇ ಕೇಳಿದ್ದೇವೆ, ಬೇಸರವಿಲ್ಲದೆ.

ಕುಮಾರವ್ಯಾಸನದು ಸುಮಾರು 150 ಸಂಧಿ. ಸಂಧಿಗೆ ಸರಾಸರಿ 18 ನಿಮಿಷ, ಒಂದು ಘಳಿಗೆಗೂ ಕಡಿಮೆ. ವಾಚನ, ವ್ಯಾಖ್ಯಾನ ಸೇರಿ ಒಂದು ಗಂಟೆಯೆಂದಿಟ್ಟುಕೊಳ್ಳೋಣ. ಭಾನುವಾರಕ್ಕೊಂದು ಸಂಧಿಯಂತೆ ಸಂಘದ ಮನೆಮನೆಗಳಲ್ಲಿ ಓದಿಸಿದರೆ ಮೂರು ವರ್ಷಕ್ಕೆ ಗದಾಪರ್ವ ದಾಟಿರುತ್ತದೆ. ಕನ್ನಡವನ್ನು ಕೇಳಿ ಬಲ್ಲ, ಓದಲಾರದ ಮೊಮ್ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಅಕ್ಷರ ಕಲಿಸಲೂ ಅಷ್ಟು ಕಾಲ ಬೇಡ. ಮೊದಲನೆಯ ಸಂಧಿಗೆ ನಾವು ಹೆಸರು ಕೊಟ್ಟಿದ್ದೇವೆ. ಉಳಿದವುಗಳ ಪಟ್ಟಿ ಖಾಲಿಯಿದೆ.