ಕೇರಿಯ ಗಡಿಗಿಯ ಚರಿತ್ರೆ

ಇಂಗ್ಲೆಂಡಿನ ಬಡವರದೊಂದು ಅಡಿಗೆ ಇದೆ. ಉಳಿದ ಖಂಡವನ್ನು ಸಣ್ಣಗೆ ಕೊಚ್ಚಿ ಬೇಯಿಸಿ, ಅದರ ಮೇಲೆ ಕುದಿಸಿ ಹಿಚುಕಿದ ಬಟಾಟಿ ಮೆತ್ತಿ, ಕೆಂಪಗಾಗುವತನಕ ಸುಡುವುದು. ಕುರಿಯದಾದರೆ ಶೆಫರ್ಡ್ಸ್ ಪೈ, ಅಂದರೆ ಕುರಿ ಕಾಯುವವನ ಪೈ. ದನದ್ದಾದರೆ ಕಾಟೇಜ್ ಪೈ, ಗುಡಿಸಲಿನ ಪೈ. ಈ ಎರಡನೆಯ ಹೆಸರು 1791ರಷ್ಟು ಹಿಂದೆಯೇ ಬರಹದಲ್ಲಿ ಸಿಗುತ್ತದೆ. ಇವತ್ತು ಅಲ್ಲಿ ಗಂಡ, ಹೆಂಡತಿ, ಮಕ್ಕಳು ರಾತ್ರಿ ಒಂದೇ ಮೇಜಿನ ಸುತ್ತ ಕೂತು ಅದನ್ನು ಉಣ್ಣುತ್ತಾರೆ. ಉಣ್ಣುವ ಮೊದಲು ಎದ್ದು ಬಾಗಿಲ ಅಗಳಿ ಹಾಕುವುದಿಲ್ಲ. ಅವರ ಗುಡಿಸಲಿನ ಅಡಿಗೆ ಅಡಿಗೆ ಪುಸ್ತಕ ಸೇರಿತು. ನಮ್ಮ ಗುಡಿಸಲಿನದು ಸೇರಿದ್ದು ಕಾಯ್ದೆ ಪುಸ್ತಕ!

ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳದ ಈ ಎರಿ ಭೂಮಿ ಜೋಳದ ಭೂಮಿ. ಎತ್ತಿಲ್ಲದೆ ಇಲ್ಲಿ ಬಿತ್ತಿಗೆ ಇರಲಿಲ್ಲ. ಎತ್ತು ದುಡಿಯುವತನಕ ಊರಿನದು, ಸತ್ತ ಮ್ಯಾಲ ಕೇರಿಯದು. ಹೊತ್ತೊಯ್ಯುವುದು, ಸುಲಿಯುವುದು, ತೊಗಲು ಹದ ಮಾಡುವುದು ನಮ್ಮವರ ಪಾಲಿಗೆ. ಆ ತೊಗಲು ಕೆರವಾಗಿ, ಮಿಣಿಯಾಗಿ, ಬಾರಕೋಲಾಗಿ, ಬಾವಿಯ ನೀರೆತ್ತುವ ಚೀಲವಾಗಿ ತಿರುಗಿ ಊರಿಗೇ ಹೋಯಿತು. ಸತ್ತ ದನದ ತೊಗಲಿನ ಚೀಲದ ನೀರಿನಿಂದ ಬೆಳೆದ ಬೆಳೆಗೆ ಮೈಲಿಗೆ ತಟ್ಟಲಿಲ್ಲ. ಖಂಡ ಬೇಯಿಸಿದ ಗಡಿಗಿಗೆ ಮಾತ್ರ ತಟ್ಟಿತು. ಇದ್ಯಾವ ಲೆಕ್ಕ?

ಆ ಖಂಡ ನಮ್ಮವರು ಆರಿಸಿಕೊಂಡದ್ದಲ್ಲ ಎಂಬುದನ್ನು ಮರೆಯಬಾರದು. ಕೂಲಿ ಕೊಡಬೇಕಾದ ಕಡೆ ಕೊಟ್ಟ ಪಾಲು ಅದು. 1876-78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಮುಂದೆ ಬಿಜಾಪುರವಾದ ಈ ಸೀಮೆಯನ್ನು, ಹಿಂಡಿ ಹಾಕಿತು. ಮಂದಿಯೂ ಸತ್ತರು, ದನವೂ ಸತ್ತವು. ಬಿಸಿಲಿಗೆ ಹಗ್ಗದ ಮೇಲೆ ಒಣಗಿಸಿಟ್ಟ ಖಂಡದ ಚೂರು, ಕಾಳಿನ ಹಗೇವು ಇಲ್ಲದವರ ಹಗೇವು. ಒಂದು ಹಿಡಿ ಒಣಖಂಡ, ಬೆಳ್ಳುಳ್ಳಿ, ಒಣಖಾರ, ಇದ್ದರೆ ಒಂದು ಚೂರು ಕುಸುಬಿ ಎಣ್ಣಿ. ಆ ಸಾರಿನೊಳಗ ಖಡಕ್ ರೊಟ್ಟಿ ಮುರಿದು ಹಾಕಿ ಮೆತ್ತಗಾಗುವತನಕ ಕಾಯುವುದು. ಇಂಗ್ಲೆಂಡಿನವರು ಬಟಾಟಿ ಮೆತ್ತಿದರು, ನಮ್ಮವ್ವಗಳು ರೊಟ್ಟಿ ಮುರಿದರು. ಒಂದಿಷ್ಟು ಖಂಡ ಮನೆಮಂದಿಗೆಲ್ಲ ಸಾಲಬೇಕು ಎಂಬ ಬಡವರ ಗಣಿತ ಎರಡೂ ಕಡೆ ಒಂದೇ.

1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರಿ ಎಂದರು. ಬಿಜಾಪುರವೂ ಆಗ ಅದೇ ಮುಂಬಯಿ ಪ್ರಾಂತದ್ದು. ಈ ಮಾತನ್ನು ಈಗ ನಮಗೇ ತಿರುಗಿಸಿ ಹೊಡೆಯುವ ಜಾಣರಿದ್ದಾರೆ: ನಿಮ್ಮ ಅಂಬೇಡ್ಕರೇ ಬಿಡ್ರಿ ಅಂದಿಲ್ಲೇನು? ಅಂದಿದ್ದಾರೆ. ಆದರೆ ಅವರು ಬಿಡಿಸಲು ಹೊರಟದ್ದು ಬಿಟ್ಟಿ ಚಾಕರಿಯನ್ನು, ವತನದ ಹಗ್ಗವನ್ನು, ಹೆಣ ಹೊರುವುದೇ ಹುಟ್ಟಿನ ಕರ್ಮ ಎಂಬ ಕಟ್ಟನ್ನು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅವರೇ ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಗಂಟು ಬಿದ್ದ ಬಗೆಯನ್ನು ಬಿಡಿಸಿ ತೋರಿಸಿದರು. ಒಂದು ಕಾಲಕ್ಕೆ ಬ್ರಾಹ್ಮಣರೂ ತಿನ್ನುತ್ತಿದ್ದರು, ಅವರು ಬಿಟ್ಟ ಮೇಲೆ ತಿಂದವರು ಹೊಲೆಯಾದರು ಎಂಬುದು ಅವರ ವಾದ. ಹೇರಿದ ಹೆಣ ಬೇರೆ, ದುಡಿದ ರೊಕ್ಕದಿಂದ ಕೊಂಡು ತಂದ ಖಂಡ ಬೇರೆ. ಮೊದಲನೆಯದನ್ನು ನಮ್ಮ ಅಜ್ಜಂದಿರು ಬಿಟ್ಟದ್ದು ಹೋರಾಟ. ಎರಡನೆಯದನ್ನು ಇನ್ನೊಬ್ಬರು ಕಸಿಯುವುದು ದಬ್ಬಾಳಿಕೆ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, ಕಾಗದದ ಮೇಲೆ ವತನ ಹೋಯಿತು. 1964 ಈ ಸೀಮೆಗೆ ಎರಡು ಸಂಗತಿ ತಂದಿತು. ನಿಡಗುಂದಿಯ ಬಗಲಾಗ ಆಲಮಟ್ಟಿಗೆ ಅಡಿಗಲ್ಲು ಬಿತ್ತು. ಅದೇ ವರ್ಷ ಗೋಹತ್ಯೆ ನಿಷೇಧ ಮತ್ತು ಜಾನುವಾರು ಸಂರಕ್ಷಣೆ ಕಾಯ್ದೆಯೂ ಆಯಿತು. ಅಣೆಕಟ್ಟು ಮುಗಿಯಲು ನಾಲ್ವತ್ತು ವರ್ಷ ಹಿಡಿಯಿತು. ಆದರೂ ಆ ಕಾಯ್ದೆ ಹನ್ನೆರಡು ವರ್ಷ ದಾಟಿದ, ಇಲ್ಲವೆ ದುಡಿಮೆಗೆ ಬಾರದ ಎತ್ತು, ಎಮ್ಮೆ, ಕೋಣಗಳಿಗೆ ದಾರಿ ಬಿಟ್ಟಿತ್ತು. ಸಂತೆಯಲ್ಲಿ ರೈತ ಮುದಿ ಎತ್ತು ಮಾರಿದ, ಆ ರೊಕ್ಕಕ್ಕೆ ಇನ್ನಷ್ಟು ಕೂಡಿಸಿ ಹೊಸ ಎತ್ತು ತಂದ. ರೈತನಿಗೂ ಕೇರಿಯ ಗಡಿಗಿಗೂ ಇದ್ದ ಈ ನಂಟನ್ನು ಯಾವ ಭಾಷಣದಲ್ಲೂ ಕೇಳುವುದಿಲ್ಲ. 2020ರ ಡಿಸೆಂಬರಿನಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ, ಮುಂದಿನ ವರ್ಷ ಕಾಯ್ದೆಯಾಗಿ, ಎತ್ತನ್ನೂ ಮುಚ್ಚಿಹಾಕಿತು. ಹದಿಮೂರು ದಾಟಿದ ಎಮ್ಮೆ, ಕೋಣ ಮಾತ್ರ ಉಳಿದವು. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ ಕನಿಷ್ಠ 50,000 ರೂಪಾಯಿ. ಕೂಲಿಕಾರನ ಎಷ್ಟು ತಿಂಗಳ ದುಡಿಮೆ ಅದು, ನೀವೇ ಗುಣಿಸಿರಿ.

ಕೇರಿಯಲ್ಲಿ ಈಗ ಎಮ್ಮಿ ಖಂಡ ತಂದವರೂ ಚೀಲದ ಮೇಲೊಂದು ಚೀಲ ಸುತ್ತಿ ತರುತ್ತಾರೆ. ಸಾಲಿಗೆ ಹೋಗುವ ಹುಡುಗರಿಗೆ ‘ರಾತ್ರಿ ಏನ ಉಂಡಿ’ ಅಂದರೆ ‘ಬ್ಯಾಳಿ ಸಾರು’ ಅನ್ನುವುದನ್ನು ಅವ್ವನೇ ಕಲಿಸಿರುತ್ತಾಳೆ. ಹಳ್ಳಿಯ ಮಾಸ್ತರರೇ, ಆ ಹುಡುಗ ಹಾಗಂದಾಗ ಮರುಮಾತು ಕೇಳಬೇಡಿ. ಬೇಕಾದರೆ ಊರಿನ ಬಾವಿಯ ತೊಗಲಚೀಲ ಹೊಲಿದವರು ಯಾರು ಎಂಬ ಪಾಠ ಮಾಡಿರಿ. ಅವ ತಾನಾಗಿ ತನ್ನಜ್ಜನ ಹೆಸರು ಹೇಳಬಹುದು.