ದ್ರಾಕ್ಷಿ ಬಳ್ಳಿಯ ಪುನಶ್ಚೇತನ (ಹೊದಿಕೆಯಡಿ)

ಆರೈಕೆಯಿಲ್ಲದೆ ಕಾಡುಬಿದ್ದ ದ್ರಾಕ್ಷಿ ಬಳ್ಳಿಯನ್ನು ಮಳೆ ತಡೆಯುವ ಹೊದಿಕೆಯಡಿ ಮತ್ತೆ ಫಲಕ್ಕೆ ತರುವ ಕ್ರಮ. ಮಂಡ್ಯ, ಮದ್ದೂರು, ಮಳವಳ್ಳಿ ಕಬ್ಬು, ಭತ್ತ, ರೇಷ್ಮೆಯ ಸೀಮೆ. ಇಲ್ಲಿ ದ್ರಾಕ್ಷಿ ಹಿತ್ತಲ ಚಪ್ಪರಕ್ಕೇ ಹೆಚ್ಚು ಒಪ್ಪುತ್ತದೆ. ಅದಕ್ಕೆ ತಕ್ಕ ತಳಿ 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಂಗಳೂರು ನೀಲಿ.

ಬಳ್ಳಿ ಸೊರಗಲು ಮುಖ್ಯ ಕಾರಣ ಸವರದೆ ಬಿಡುವುದು. ಕಳೆದ ಹಂಗಾಮಿನಲ್ಲಿ ಬಲಿತ ಕಡ್ಡಿಯಿಂದ ಹೊಮ್ಮುವ ಹೊಸ ಚಿಗುರಿನಲ್ಲೇ ಗೊಂಚಲು ಬರುವುದರಿಂದ, ಹಳೆಯ ಕಡ್ಡಿಗಳ ಸಿಕ್ಕು ಬೆಳೆದಷ್ಟೂ ಫಲ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಒಣಗಿದ್ದನ್ನೆಲ್ಲ ತೆಗೆದು, ಕಾಂಡವನ್ನೂ ಮುಖ್ಯ ತೋಳುಗಳನ್ನೂ ಉಳಿಸಿಕೊಂಡು, ಕಡ್ಡಿಗಳನ್ನು 1–2 ಕಣ್ಣಿಗೆ ಕತ್ತರಿಸಬೇಕು. ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡರೆ ಆ ಭಾಗಕ್ಕೆ ಜೀವವಿದೆ. ಅಕ್ಟೋಬರ್‌ನ ಸವರುವಿಕೆಯಲ್ಲಿ ಬಲಿತ ಕಡ್ಡಿಗೆ ಸುಮಾರು 5 ಕಣ್ಣು ಬಿಟ್ಟರೆ ಸಾಕು. ತೀರಾ ಸೊರಗಿದ ಬಳ್ಳಿಯಾದರೆ ಮೊದಲ ವರ್ಷ ಗೊಂಚಲುಗಳನ್ನು ಚಿವುಟಿಬಿಡುವುದೇ ಲೇಸು; ಆಸೆ ತಡೆಯುವುದು ಕಷ್ಟ, ಆದರೆ ಬೇರಿಗೆ ಬಲ ಬರುವುದು ಹಾಗೆಯೇ.

ಈ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸರಿಯಾಗಿ ಚಿಗುರೊಡೆಯುವ ಹೊತ್ತಿಗೆ. ಎಲೆ ಒದ್ದೆಯಾಗಿದ್ದರೆ ಬೂಜು ತುಪ್ಪಟ ರೋಗ, ಚಿಬ್ಬು ರೋಗ ಬೇಗ ಹರಡುತ್ತವೆ. ಚಪ್ಪರದ ಮೇಲೆ ಕಮಾನಿನಂತೆ ಕಟ್ಟಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಲೆಯನ್ನು ಒಣಗಿಡುತ್ತದೆ. ಬೂದಿ ರೋಗಕ್ಕೆ ಮಾತ್ರ ಒಣ ನೆರಳೇ ಹಿತ; ಆದ್ದರಿಂದ ಪಕ್ಕಗಳನ್ನು ತೆರೆದಿಟ್ಟು, ದಟ್ಟ ಚಿಗುರುಗಳನ್ನು ತೆಳುಗೊಳಿಸಿ ಗಾಳಿಯಾಡುವಂತೆ ಮಾಡಬೇಕು. ಸವರಿದ ಬರಿಯ ಕಡ್ಡಿಗೆ ಶೇ. 1ರ ಬೋರ್ಡೊ ದ್ರಾವಣ ಸಿಂಪಡಿಸುವುದು ವಾಡಿಕೆ. ನಾಲೆಯ ಬಯಲಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿ ಬಸಿಗಾಲುವೆ ಬೇಕೇ ಬೇಕು. ಹಾಳೆಯಡಿಯ ಬುಡಕ್ಕೆ ಮಳೆ ನೀರು ಸಿಗದ ಕಾರಣ ಹನಿ ನೀರಾವರಿ ತಪ್ಪಿಸುವಂತಿಲ್ಲ.